ಇಪ್ಪತ್ತೆರಡನೆಯ ದಿನ



ಈ ದತ್ತಿ ಉಪನ್ಯಾಸದ ವೇದಿಕೆಯಲ್ಲಿ ವಚನದ ಬಗ್ಗೆ, ಕಾವ್ಯದ ಬಗ್ಗೆ, ಏಕೀಕರಣದ ಬಗ್ಗೆ ದೊಡ್ಡವರು ಮಾತಾಡಿದ್ದಾರೆ. ನಾನು ಮೊಟ್ಟೆ ಮತ್ತು ಮರಿಯ ಬಗ್ಗೆ ಮಾತಾಡುತ್ತೇನೆ ಎಂದಾಗ ಸಂಘಟಕರು ಸಂತೋಷದಿಂದ ಒಪ್ಪಿದರು. ನಾನು ಪಶುವೈದ್ಯ. ಹೆಬ್ಬಾಳದಲ್ಲಿ ಓದಿ, ಕೆಲಸದ ಕಾಲವನ್ನೆಲ್ಲ ಕೋಳಿಗಳ ನಡುವೆ ಕಳೆದು, ನಿವೃತ್ತನಾದ ಮೇಲೆ ಬಸವೇಶ್ವರನಗರದ ಶಂಕರಮಠದ ಹತ್ತಿರ ನೆಲೆಸಿದ್ದೇನೆ.

ಹೋದ ವರ್ಷ ಏಪ್ರಿಲ್‌ನಲ್ಲಿ ಒಂದೇ ವಾರದಲ್ಲಿ ನನ್ನ ಮನೆ ಬಾಗಿಲಿಗೆ ಇಬ್ಬರು ಬಂದರು. ಮೊದಲು ಬಂದವನು ನಮ್ಮ ಬೀದಿಯ ಹುಡುಗ, ಏಳನೇ ಕ್ಲಾಸು. ಅವರಪ್ಪ ಆನ್‌ಲೈನಿನಲ್ಲಿ ಪುಟ್ಟ ಇನ್‌ಕ್ಯುಬೇಟರ್ ತರಿಸಿಕೊಟ್ಟಿದ್ದರು. ಅಂಗಡಿಯ ಹನ್ನೆರಡು ಮೊಟ್ಟೆ ಜೋಡಿಸಿ ಇಪ್ಪತ್ತಾರು ದಿನ ಕಾದಿದ್ದ. "ತಾತ, ಮಶೀನು ಕೆಟ್ಟಿದೆಯಾ?" ಎಂದು ಕೇಳಿದ. ಎರಡು ದಿನ ಬಿಟ್ಟು ಬಂದವರು ಹಿಂದಿನ ಕ್ರಾಸಿನ ಒಬ್ಬ ಗೃಹಿಣಿ. ಅವರ ಕೈಯಲ್ಲಿ ಶೂ ಡಬ್ಬಿ, ಅದರೊಳಗೆ ಗೂಡಿನ ಸಮೇತ ಮೂರು ಬೆತ್ತಲೆ ಮರಿ. "ಡಾಕ್ಟ್ರೇ, ಹೊಂಗೆ ಕೊಂಬೆ ಕಡಿಯುವಾಗ ಬಿದ್ವು. ಹಾಲು ಹಾಕಿದೆ, ಕುಡೀತಾನೇ ಇಲ್ಲ," ಎಂದರು.

ಇಬ್ಬರದೂ ಒಳ್ಳೆಯ ಮನಸ್ಸು. ಆದರೆ ತಾಯಿಹಕ್ಕಿಯ ಕೆಲಸವನ್ನು ನಾವು ವಹಿಸಿಕೊಳ್ಳಬಹುದೇ ಎಂಬ ಪ್ರಶ್ನೆಗೆ ಇಬ್ಬರಿಗೂ ನಾನು ಕೊಡುವ ಉತ್ತರ ಒಂದಕ್ಕೊಂದು ತದ್ವಿರುದ್ಧ. ಇವತ್ತಿನ ನನ್ನ ಮಾತು ಆ ಎರಡು ಉತ್ತರಗಳ ಸುತ್ತಲೇ ಇದೆ.

ಹುಡುಗನ ಮಶೀನು ಕೆಟ್ಟಿರಲಿಲ್ಲ. ಅಂಗಡಿಯ ಬಿಳಿ ಮೊಟ್ಟೆ ಬರುವ ಫಾರಮ್ಮಿನಲ್ಲಿ ಹುಂಜವೇ ಇರುವುದಿಲ್ಲ. ಹುಂಜವಿಲ್ಲದೆಯೂ ಹೇಂಟೆ ಮೊಟ್ಟೆ ಇಡುತ್ತದೆ, ಆದರೆ ಅದು ಗೊಡ್ಡು ಮೊಟ್ಟೆ. ಅದಕ್ಕೆ ಎಷ್ಟು ದಿನ ಕಾವು ಕೊಟ್ಟರೂ ಕೊಳೆಯುತ್ತದೆಯೇ ಹೊರತು ಮರಿಯಾಗುವುದಿಲ್ಲ. ಇದನ್ನು ಹೇಳಿದಾಗ ಅವನ ಮುಖ ಸಪ್ಪಗಾಯಿತು. ಮಾಗಡಿ ಕಡೆಯ ಒಂದು ಹಳ್ಳಿಯಿಂದ ಹುಂಜದ ಜೊತೆ ತಿರುಗಾಡುವ ನಾಟಿ ಹೇಂಟೆಗಳ ಹತ್ತು ಮೊಟ್ಟೆ ತರಿಸೋಣ ಎಂದೆ. ಆದರೆ ಒಂದು ಷರತ್ತು ಹಾಕಿದೆ. "ಇಪ್ಪತ್ತೊಂದನೇ ದಿನ ಮರಿ ಬರುತ್ತೆ. ಇಪ್ಪತ್ತೆರಡನೇ ದಿನ ಅವು ಎಲ್ಲಿರುತ್ತವೆ? ಅರವತ್ತನೇ ದಿನ? ಅದನ್ನ ಒಂದು ಹಾಳೆಯಲ್ಲಿ ಬರೆದುಕೊಂಡು ಬಾ. ಆಮೇಲೆ ಸ್ವಿಚ್ ಹಾಕೋಣ."

ಅವನು ಬರೆಯಲು ತೆಗೆದುಕೊಂಡ ಸಮಯದಲ್ಲಿ ನಾನು ಯಂತ್ರದ ಕಥೆಯನ್ನು ನಿಮಗೆ ಹೇಳಿಬಿಡುತ್ತೇನೆ.

ಕೋಳಿಯಿಲ್ಲದೆ ಮರಿ ಮಾಡುವ ವಿದ್ಯೆ ಹೊಸದಲ್ಲ. ಈಜಿಪ್ಟಿನಲ್ಲಿ ಸಾವಿರಾರು ವರ್ಷಗಳ ಹಿಂದೆಯೇ ಮಣ್ಣಿನ ಇಟ್ಟಿಗೆಯ ದೊಡ್ಡ ಒಲೆಮನೆಗಳನ್ನು ಕಟ್ಟಿ, ಬೆರಣಿ ಮತ್ತು ಹುಲ್ಲಿನ ಬೆಂಕಿಯ ಹದವಾದ ಬಿಸಿಯಲ್ಲಿ ಸಾವಿರಗಟ್ಟಲೆ ಮೊಟ್ಟೆಗಳಿಂದ ಮರಿ ಮಾಡುತ್ತಿದ್ದರು. ಅಲ್ಲಿ ಗೊಬ್ಬರದ ರಾಶಿಯಲ್ಲಿ ಮೊಟ್ಟೆ ಹೂಳಿ ಮರಿ ಮಾಡುವುದನ್ನು ಅರಿಸ್ಟಾಟಲ್ ಬರೆದಿಟ್ಟಿದ್ದಾನೆ. ಅವರಲ್ಲಿ ಉಷ್ಣಮಾಪಕ ಇರಲಿಲ್ಲ. ಮೊಟ್ಟೆಯನ್ನು ಕಣ್ಣಿನ ರೆಪ್ಪೆಗೆ ಮುಟ್ಟಿಸಿ ಬಿಸಿಯ ಹದ ಹೇಳುತ್ತಿದ್ದರು. ಆ ಕಸುಬು ಅಪ್ಪನಿಂದ ಮಗನಿಗೆ ಬರುತ್ತಿತ್ತು. ಫ್ರಾನ್ಸಿನ ವಿಜ್ಞಾನಿ ರೆಯೋಮುರ್ ಆ ಒಲೆಗಳಿಂದ ಪ್ರೇರಣೆ ಪಡೆದು ಸ್ವತಃ ಪ್ರಯೋಗ ಮಾಡಿ 1749ರಲ್ಲಿ ಅದರ ಮೇಲೆ ಪುಸ್ತಕವನ್ನೇ ಪ್ರಕಟಿಸಿದ. ಅವನು ಬಳಸಿದ್ದೂ ಗೊಬ್ಬರದ ಕಾವನ್ನೇ. ಜೊತೆಗೆ ಉಷ್ಣಮಾಪಕವಿತ್ತು, ಅಷ್ಟೆ.

ನನ್ನ ಅಜ್ಜಿಯ ಇನ್‌ಕ್ಯುಬೇಟರ್ ಒಂದು ಹಳೆಯ ಮಂಕರಿ. ತಳಕ್ಕೆ ಒಲೆಯ ಬೂದಿ, ಅದರ ಮೇಲೆ ಹುಲ್ಲು, ಮೇಲೆ ಹನ್ನೊಂದೋ ಹದಿಮೂರೋ ಮೊಟ್ಟೆ. ಬೂದಿ ಹಾಕಿದ್ದು ಹೇನಿಗೆ. ಗುಡುಗಿಗೆ ಮೊಟ್ಟೆ ಕೆಡಬಾರದೆಂದು ಒಂದು ಕಬ್ಬಿಣದ ಚೂರು, ಒಂದು ತುಂಡು ಇದ್ದಿಲು. ಆಮೇಲೆ ಕಾವಿಗೆ ಬಂದ ಹೇಂಟೆಯನ್ನು ಕತ್ತಲಾದ ಮೇಲೆ ಮೆಲ್ಲಗೆ ತಂದು ಕೂರಿಸುವುದು. ಕಾವಿಗೆ ಬಂದ ಕೋಳಿಯ ಗುರುತು ಹಳ್ಳಿಯವರಿಗೆಲ್ಲ ಗೊತ್ತು: ಮೈ ಉಬ್ಬಿಸಿಕೊಂಡು ಲೊಕ್ ಲೊಕ್ ಎನ್ನುತ್ತ ತಿರುಗುತ್ತದೆ, ಹತ್ತಿರ ಹೋದರೆ ಕುಕ್ಕುತ್ತದೆ, ಎದೆಯ ಕೆಳಗಿನ ಪುಕ್ಕ ಉದುರಿ ಚರ್ಮ ಬೆಚ್ಚಗಾಗಿರುತ್ತದೆ. ಆ ಬೋಳು ಚರ್ಮವೇ ಯಂತ್ರದೊಳಗಿನ ಹೀಟರು. ದಿನಕ್ಕೊಮ್ಮೆ ಹದಿನೈದಿಪ್ಪತ್ತು ನಿಮಿಷ ಎದ್ದು ಹೋಗಿ ಕಾಳು ತಿಂದು, ನೀರು ಕುಡಿದು, ಹಿಕ್ಕೆ ಹಾಕಿ ಮತ್ತೆ ಬಂದು ಕೂರುತ್ತದೆ. ಅದಕ್ಕೇ ಹುಡುಗರಿಗೆ ಹೇಳುತ್ತೇನೆ, ಅರ್ಧ ಗಂಟೆ ಕರೆಂಟು ಹೋದರೆ ಗಾಬರಿಯಾಗಬೇಡಿ, ತಾಯಿಕೋಳಿಯೂ ಊಟಕ್ಕೆ ಏಳುತ್ತದೆ. ಗಂಟೆಗಟ್ಟಲೆ ಹೋದರೆ ಮಾತ್ರ ಪೆಟ್ಟಿಗೆಗೆ ಕಂಬಳಿ ಹೊದಿಸಿ, ಬಿಸಿನೀರಿನ ಬಾಟಲಿ ಪಕ್ಕದಲ್ಲಿಡಿ.

ಇಷ್ಟೊಂದು ಚೆನ್ನಾಗಿ ಕೂರುವ ಕೋಳಿ ಇರುವಾಗ ಯಂತ್ರ ಯಾಕೆ ಬೇಕಾಯಿತು? ಕಾರಣ ನಾವೇ. ನಾಟಿ ಹೇಂಟೆ ಹನ್ನೆರಡು ಹದಿನೈದು ಮೊಟ್ಟೆ ಇಟ್ಟು ಕಾವಿಗೆ ಕೂತುಬಿಡುತ್ತದೆ. ಕೂತಷ್ಟು ದಿನ ಮೊಟ್ಟೆ ಇಲ್ಲ. ಆಮೇಲೆ ಮರಿ ಸಾಕುವಷ್ಟು ದಿನವೂ ಇಲ್ಲ. ಹೀಗಾಗಿ ವರ್ಷಕ್ಕೆ ಐವತ್ತು ಅರವತ್ತು ಮೊಟ್ಟೆ ಸಿಕ್ಕರೆ ಹೆಚ್ಚು. ಮೊಟ್ಟೆ ಹೆಚ್ಚು ಬೇಕೆಂದವರು ಕಾವಿಗೆ ಕೂರದ ಕೋಳಿಗಳನ್ನೇ ಪೀಳಿಗೆಯಿಂದ ಪೀಳಿಗೆಗೆ ಆರಿಸುತ್ತ ಬಂದರು. ಬಿಳಿ ಲೆಗ್‌ಹಾರ್ನ್ ಕೋಳಿಗೆ ಇವತ್ತು ಕಾವು ಕೂರುವುದು ಹೆಚ್ಚುಕಡಿಮೆ ಮರೆತೇಹೋಗಿದೆ. ನಮ್ಮ ಹೆಬ್ಬಾಳದಲ್ಲೇ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಹಿತ್ತಲಲ್ಲಿ ಸಾಕಲೆಂದೇ ಬೆಳೆಸಿ 1989ರಲ್ಲಿ ಬಿಡುಗಡೆ ಮಾಡಿದ ಗಿರಿರಾಜ ನಿಮ್ಮಲ್ಲಿ ಅನೇಕರಿಗೆ ಗೊತ್ತು. ಬಣ್ಣದ ಪುಕ್ಕ, ಗಟ್ಟಿ ಮೈ, ತಿಪ್ಪೆ ಕೆದಕಿ ತಿನ್ನುವ ಗುಣ, ವರ್ಷಕ್ಕೆ ಸುಮಾರು 140ರಿಂದ 150 ಮೊಟ್ಟೆ. ಆಮೇಲೆ ಅಲ್ಲಿಂದಲೇ ಸ್ವರ್ಣಧಾರ ಬಂತು, ಅದರ ಮೊಟ್ಟೆ ಇನ್ನೂ ಹೆಚ್ಚು. ಆದರೆ ಈ ಹೇಂಟೆಗಳೂ ಕಾವಿಗೆ ಕೂರುವುದು ಅಪರೂಪ. ನನ್ನ ಅಜ್ಜಿ ಗಿರಿರಾಜನ ಮೊಟ್ಟೆಗಳನ್ನು ನಾಟಿ ಕೋಳಿಯ ಕೆಳಗೆ ಇಟ್ಟು ಮರಿ ಮಾಡಿಸುತ್ತಿದ್ದಳು. ಹುಟ್ಟಿದ ಮರಿಗಳು ತಿಂಗಳೊಪ್ಪತ್ತಿಗೆ ತಾಯಿಯ ಸಮಕ್ಕೆ ಬೆಳೆದು, ಆದರೂ ಅವಳ ರೆಕ್ಕೆಯೊಳಗೇ ತೂರಲು ಹೋಗುತ್ತಿದ್ದವು. ಕೋಳಿಯಿಂದ ತಾಯ್ತನವನ್ನು ನಾವು ಕಿತ್ತುಕೊಂಡೆವು. ಆ ತಾಯಿಯ ಕೆಲಸವನ್ನು ಯಂತ್ರಕ್ಕೂ ನಮ್ಮ ಕೈಗೂ ಹೊರಿಸಿದೆವು. ಹೀಗೆ ಹೊರಿಸಿದ ಮೇಲೆ ಅದನ್ನು ಪೂರ್ತಿ ಮಾಡುವುದು ನಮ್ಮ ಹೊಣೆ ಎಂಬುದೇ ನನ್ನ ವಾದ.

ಪೂರ್ತಿ ಮಾಡುವುದು ಎಂದರೆ ಏನು? ಫ್ಯಾನ್ ಇರುವ ಯಂತ್ರವಾದರೆ 37.5 ಡಿಗ್ರಿ ಸೆಲ್ಸಿಯಸ್. ಒಂದು ಡಿಗ್ರಿ ಕಡಿಮೆಯಾದರೆ ಮರಿ ತಡವಾಗಿ ಬರುತ್ತದೆ. ಎರಡು ಡಿಗ್ರಿ ಹೆಚ್ಚಾಗಿ ಹಾಗೇ ಉಳಿದರೆ ಒಳಗೇ ಸಾಯುತ್ತದೆ. ಬಿಸಿಗೆ ಹೆದರಬೇಕು, ತಂಪಿಗಲ್ಲ. ತೇವಾಂಶ ಮೊದಲ ಹದಿನೆಂಟು ದಿನ 50ರಿಂದ 55 ಶೇಕಡ, ಕೊನೆಯ ಮೂರು ದಿನ 65ರಿಂದ 70. ಬಸವೇಶ್ವರನಗರದ ಮಾರ್ಚ್ ಮಧ್ಯಾಹ್ನದ ಒಣಹವೆಯಲ್ಲಿ ಯಂತ್ರದ ನೀರಿನ ತಟ್ಟೆ ಬೇಗ ಬತ್ತುತ್ತದೆ, ನೋಡಿಕೊಳ್ಳಬೇಕು. ಮೊಟ್ಟೆಯ ಸಿಪ್ಪೆಯಲ್ಲಿ ಸಾವಿರಾರು ಸೂಕ್ಷ್ಮ ರಂಧ್ರಗಳಿವೆ. ಅವುಗಳ ಮೂಲಕ ಗಾಳಿ ಒಳಕ್ಕೆ, ನೀರಿನ ಆವಿ ಹೊರಕ್ಕೆ. ಹದಿನೆಂಟು ದಿನಗಳಲ್ಲಿ ಮೊಟ್ಟೆಯ ತೂಕ ಸುಮಾರು ಶೇಕಡ 12ರಷ್ಟು ಇಳಿಯಬೇಕು. ಇಳಿಯದಿದ್ದರೆ ಒಳಗಿನ ಗಾಳಿಕೋಣೆ ಚಿಕ್ಕದಾಗಿ, ಕೊನೆಗೆ ಮರಿ ಮೊದಲ ಉಸಿರಿಗೇ ತತ್ತರಿಸುತ್ತದೆ.

ಮೊಟ್ಟೆಯನ್ನು ಹೊರಳಿಸುವುದನ್ನು ಮರೆಯುವವರೇ ಹೆಚ್ಚು. ತಾಯಿಕೋಳಿ ದಿನಕ್ಕೆ ಹತ್ತಾರು ಸಲ ಕೊಕ್ಕಿನಿಂದ ಮೊಟ್ಟೆಗಳನ್ನು ಹೊರಳಿಸುತ್ತದೆ. ಹೊರಳಿಸದಿದ್ದರೆ ಭ್ರೂಣ ಒಳಪೊರೆಗೆ ಅಂಟಿಕೊಳ್ಳುತ್ತದೆ. ಕೈಯಲ್ಲಿ ಮಾಡುವವರು ದಿನಕ್ಕೆ ಮೂರೋ ಐದೋ ಸಲ, ಅಂದರೆ ಬೆಸ ಸಂಖ್ಯೆಯಲ್ಲಿ ಹೊರಳಿಸಬೇಕು. ಆಗ ಮೊಟ್ಟೆ ಪ್ರತಿ ರಾತ್ರಿಯೂ ಒಂದೇ ಮಗ್ಗುಲಿಗೆ ಇರುವುದಿಲ್ಲ. ಸಿಪ್ಪೆಯ ಮೇಲೆ ಪೆನ್ಸಿಲಿನಲ್ಲಿ ಒಂದು ಕಡೆ ಗುಣಾಕಾರ ಚಿಹ್ನೆ, ಇನ್ನೊಂದು ಕಡೆ ಸೊನ್ನೆ ಹಾಕಿದರೆ ಲೆಕ್ಕ ತಪ್ಪುವುದಿಲ್ಲ. ಹದಿನೆಂಟನೇ ದಿನಕ್ಕೆ ನಿಲ್ಲಿಸಬೇಕು. ಆಗ ಮರಿ ತನ್ನ ಜಾಗ ಆರಿಸಿಕೊಂಡು ತಲೆಯನ್ನು ಗಾಳಿಕೋಣೆಯ ಕಡೆಗೆ ತಿರುಗಿಸಿಕೊಳ್ಳುತ್ತಿರುತ್ತದೆ.

ಏಳನೇ ದಿನ ಕತ್ತಲೆ ಕೋಣೆಯಲ್ಲಿ ಟಾರ್ಚಿನ ಬೆಳಕಿಗೆ ಮೊಟ್ಟೆ ಹಿಡಿದು ನೋಡಿದ್ದೀರಾ? ಕೆಂಪು ಬಳ್ಳಿ ಹಬ್ಬಿದಂತೆ ರಕ್ತನಾಳಗಳು, ನಡುವೆ ಒಂದು ಕಪ್ಪು ಚುಕ್ಕಿ. ಆ ಚುಕ್ಕಿ ಕಣ್ಣು. ಹೃದಯ ಎರಡನೇ ದಿನವೇ ಮಿಡಿಯಲು ಶುರು ಮಾಡಿರುತ್ತದೆ. ಇಷ್ಟು ವರ್ಷ ಕಳೆದರೂ ಅದನ್ನು ನೋಡುವಾಗ ನಾನು ಉಸಿರು ಬಿಗಿಹಿಡಿಯುತ್ತೇನೆ. ಆ ಹುಡುಗ ನೋಡಿದಾಗ ಏನೂ ಮಾತಾಡಲಿಲ್ಲ. ಓಡಿಹೋಗಿ ಅಡುಗೆಮನೆಯಿಂದ ಅವರಮ್ಮನನ್ನು ಕರೆದುಕೊಂಡು ಬಂದ.

ಇಪ್ಪತ್ತನೇ ದಿನ ಮೊಟ್ಟೆಯೊಳಗಿಂದ ಚಿಂವ್ ಎಂಬ ದನಿ ಬರುತ್ತದೆ. ಮರಿ ಗಾಳಿಕೋಣೆಗೆ ಕೊಕ್ಕು ತೂರಿಸಿ ಮೊದಲ ಸಲ ಶ್ವಾಸಕೋಶದಿಂದ ಉಸಿರಾಡುತ್ತಿರುತ್ತದೆ. ತಾಯಿ ಕೆಳದನಿಯಲ್ಲಿ ಲೊಕ್ ಎಂದು ಉತ್ತರ ಕೊಡುತ್ತಾಳೆ. ಮೊಟ್ಟೆಗಳು ಒಂದನ್ನೊಂದು ಕೇಳಿಸಿಕೊಳ್ಳುತ್ತವೆ. ಯಂತ್ರದಲ್ಲಿ ಬಿಸಿ ಇದೆ, ತೇವಾಂಶ ಇದೆ, ಹೊರಳಿಕೆಯೂ ಇದೆ, ಈ ಉತ್ತರ ಮಾತ್ರ ಇಲ್ಲ. ಕೊಕ್ಕಿನ ತುದಿಯ ಪುಟ್ಟ ಗಟ್ಟಿ ಮುಳ್ಳಿನಿಂದ ಮರಿ ಸಿಪ್ಪೆಗೆ ಮೊದಲ ಬಿರುಕು ಕೊಡುತ್ತದೆ, ಆಮೇಲೆ ಸುಮ್ಮನಾಗಿಬಿಡುತ್ತದೆ. ಹನ್ನೆರಡು ಗಂಟೆ, ಹದಿನೆಂಟು ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು. ನೋಡುವವರಿಗೆ ಸಂಕಟ. ಇಲ್ಲೇ ಅತಿ ಹೆಚ್ಚು ಮರಿಗಳು ಪ್ರೀತಿಯಿಂದಲೇ ಸಾಯುವುದು. ಪಾಪ ಒದ್ದಾಡುತ್ತಿದೆ ಎಂದು ಸಿಪ್ಪೆ ಸುಲಿಯುತ್ತಾರೆ. ಆ ಹೊತ್ತಿನಲ್ಲಿ ಒಳಪೊರೆಯ ರಕ್ತನಾಳಗಳಿಂದ ರಕ್ತ ಮರಿಯ ಮೈಗೆ ಸೇರುತ್ತಿರುತ್ತದೆ, ಉಳಿದ ಹಳದಿ ಹೊಕ್ಕುಳ ಮೂಲಕ ಹೊಟ್ಟೆಯೊಳಕ್ಕೆ ಹೋಗುತ್ತಿರುತ್ತದೆ. ಸುಲಿದರೆ ರಕ್ತ ಸೋರುತ್ತದೆ. ಮುಚ್ಚಳ ತೆಗೆದರೆ ತೇವಾಂಶ ಇಳಿದು ಪೊರೆ ಒಣಗಿ ಮರಿಗೆ ಬಿಗಿದುಕೊಳ್ಳುತ್ತದೆ. ಆ ಕೊನೆಯ ಮೂರು ದಿನ ಮುಚ್ಚಳ ಮುಟ್ಟಬೇಡಿ ಎಂದರೆ ಮುಟ್ಟಬೇಡಿ.

ಒಳಗೆ ಎಳೆದುಕೊಂಡ ಆ ಹಳದಿಯೇ ಮರಿಗೆ ಎರಡು ಮೂರು ದಿನದ ಬುತ್ತಿ. ಹೆಸರಘಟ್ಟದ ಕೇಂದ್ರ ಸರ್ಕಾರದ ಕೋಳಿ ಸಂಸ್ಥೆಯಂಥ ಕಡೆಗಳಿಂದ ಒಂದು ದಿನದ ಮರಿಗಳನ್ನು ತೂತಿನ ಡಬ್ಬಿಯಲ್ಲಿಟ್ಟು ದೂರದ ಊರಿಗೆ ಒಯ್ಯಲು ಸಾಧ್ಯವಾಗಿರುವುದು ಇದೇ ಬುತ್ತಿಯಿಂದ.

ಈಗ ಇಪ್ಪತ್ತೆರಡನೆಯ ದಿನ. ಕೆಲವು ವರ್ಷಗಳ ಹಿಂದೆ ನಗರದ ಒಂದು ಶಾಲೆಯಲ್ಲಿ ವಿಜ್ಞಾನ ಪ್ರದರ್ಶನಕ್ಕೆಂದು ಹದಿನಾರು ಮೊಟ್ಟೆ ಇಟ್ಟರು. ಹನ್ನೊಂದು ಮರಿ ಬಂದವು. ಮಕ್ಕಳು ಕುಣಿದರು, ಫೋಟೋ ತೆಗೆದರು. ಪ್ರದರ್ಶನ ಮುಗಿದ ಮೇಲೆ ಮರಿಗಳು ಸ್ಟಾಫ್ ರೂಮಿನ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಎರಡು ರಾತ್ರಿ ಕಳೆದವು. ಬಲ್ಬಿರಲಿಲ್ಲ. ನನಗೆ ಫೋನ್ ಬಂದಾಗ ಐದು ಸತ್ತಿದ್ದವು, ಉಳಿದವು ಒಂದರ ಮೇಲೊಂದು ಗುಪ್ಪೆಯಾಗಿ ಬಿದ್ದಿದ್ದವು. ಹುಟ್ಟುವುದನ್ನು ಚೆನ್ನಾಗಿ ಕಲಿಸಿದ ಆ ಶಾಲೆ ಸಾಕುವುದನ್ನು ಕಲಿಸಲಿಲ್ಲ. ಆ ಪೆಟ್ಟಿಗೆ ನನ್ನ ಕಣ್ಣಿಂದ ಇನ್ನೂ ಹೋಗಿಲ್ಲ.

ಮೊದಲ ವಾರ ಮರಿಗೆ ಸುಮಾರು 35 ಡಿಗ್ರಿ ಬೇಕು. ಆಮೇಲೆ ವಾರಕ್ಕೆ ಎರಡು ಮೂರು ಡಿಗ್ರಿಯಂತೆ ಇಳಿಸುತ್ತ ಹೋಗಬೇಕು. ಉಷ್ಣಮಾಪಕಕ್ಕಿಂತ ಮರಿಗಳನ್ನೇ ನೋಡಿ: ಬಲ್ಬಿನಡಿ ಗುಂಪುಗೂಡಿ ಅರಚಿದರೆ ಚಳಿ, ಮೂಲೆಗೆ ಓಡಿ ಬಾಯಿ ತೆರೆದು ಏದುಸಿರು ಬಿಟ್ಟರೆ ಸೆಕೆ, ಎಲ್ಲೆಡೆ ಹರಡಿಕೊಂಡು ಮೇಯುತ್ತಿದ್ದರೆ ಹದ. ನೆಲಕ್ಕೆ ಭತ್ತದ ಹೊಟ್ಟು. ಬರೀ ನುಣುಪಾದ ಪೇಪರ್ ಹಾಸಿದರೆ ಕಾಲು ಜಾರಿ ಸೀಳಿಕೊಳ್ಳುತ್ತವೆ. ನೀರಿನ ತಟ್ಟೆ ಆಳವಿರಬಾರದು, ಒಳಗೆ ಬೆಣಚುಕಲ್ಲು ಹಾಕಿ, ಇಲ್ಲದಿದ್ದರೆ ಮರಿ ಮುಳುಗುತ್ತದೆ. ಒಂದೊಂದು ಮರಿಯ ಕೊಕ್ಕನ್ನೂ ಒಮ್ಮೆ ನೀರಿಗೆ ಅದ್ದಿ ತೋರಿಸಿ. ತಾಯಿ ಕಲಿಸುವ ಪಾಠ ಅದು. ಮೊದಲ ವಾರದಲ್ಲೇ ಕೊಕ್ಕರೆ ರೋಗದ ಲಸಿಕೆಯ ಹನಿ ಕಣ್ಣಿಗೆ, ಎರಡನೇ ವಾರದಲ್ಲಿ ಗಂಬೋರೊ ಲಸಿಕೆ. ಮಕ್ಕಳು ಮರಿ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಲಿ. ಮತ್ತೆ, ಹುಟ್ಟಿದ್ದರಲ್ಲಿ ಹೆಚ್ಚುಕಡಿಮೆ ಅರ್ಧ ಹುಂಜಗಳು ಎಂಬುದನ್ನು ಮರೆಯಬೇಡಿ. ನಾಲ್ಕು ತಿಂಗಳಾಗುವಷ್ಟರಲ್ಲಿ ಅವು ಬೆಳಗಿನ ಜಾವ ಕೂಗುತ್ತವೆ. ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ ಆಗ ಏನು ಮಾಡುತ್ತೀರಿ?

ನಮ್ಮ ಹುಡುಗ ತನ್ನ ಹಾಳೆಯಲ್ಲಿ ಇದಕ್ಕೆ ಉತ್ತರ ಬರೆದುಕೊಂಡು ಬಂದಿದ್ದ: ಮೊದಲ ಆರು ವಾರ ಮನೆಯ ತಾರಸಿ, ಆಮೇಲೆ ನೆಲಮಂಗಲದ ಹತ್ತಿರ ಅವನ ದೊಡ್ಡಪ್ಪನ ತೋಟ. ಹತ್ತರಲ್ಲಿ ಏಳು ಮರಿ ಬಂದವು. ಏಳೂ ತೋಟ ಸೇರಿದವು. ಅವನಿಗೆ ನನ್ನ ಉತ್ತರ ಹೌದು.

ಆ ಗೃಹಿಣಿಗೆ ನನ್ನ ಉತ್ತರ ಬೇಡ. ಶೂ ಡಬ್ಬಿಯಲ್ಲಿದ್ದದ್ದು ಪಿಕಳಾರದ ಮರಿಗಳು. ಕೋಳಿಮರಿ ಹುಟ್ಟಿದ ದಿನವೇ ಪುಕ್ಕ ಹೊದ್ದು, ಕಣ್ಣು ಬಿಟ್ಟು, ಓಡಿ ಕುಕ್ಕುತ್ತದೆ. ಅದಕ್ಕೆ ಬೇಕಾದ್ದು ಬೆಚ್ಚನೆಯ ಜಾಗ, ಕಾಳು, ನೀರು, ಕಾವಲು. ಅಷ್ಟನ್ನು ಮನುಷ್ಯ ಕೊಡಬಲ್ಲ. ಪಿಕಳಾರ, ಗೊರವಂಕ, ಗಿಳಿ, ಸೂರಕ್ಕಿ, ಇವುಗಳ ಮರಿ ಬೆತ್ತಲಾಗಿ, ಕಣ್ಣು ಮುಚ್ಚಿಕೊಂಡೇ ಹುಟ್ಟುತ್ತವೆ. ಪಿಕಳಾರದ ಅಪ್ಪ ಅಮ್ಮ ಬೆಳಗಿನಿಂದ ಸಂಜೆಯವರೆಗೆ ಹುಳು ಹಿಡಿದು ತಂದು ಬಾಯಿಗೆ ಹಾಕುತ್ತಲೇ ಇರುತ್ತವೆ. ಯಾವ ಹುಳು ತಿನ್ನಬೇಕು, ಹದ್ದಿನ ನೆರಳು ಬಿದ್ದರೆ ಹೇಗೆ ಅವಿತುಕೊಳ್ಳಬೇಕು, ತನ್ನ ಜಾತಿಯ ದನಿ ಯಾವುದು ಎಂಬುದನ್ನೆಲ್ಲ ಮರಿ ಅವುಗಳಿಂದಲೇ ಕಲಿಯುತ್ತದೆ.

ನಾವು ಕೈಯಲ್ಲಿ ಸಾಕಿದರೆ ಏನಾಗುತ್ತದೆ ಎಂಬುದನ್ನು ಆಸ್ಟ್ರಿಯದ ವಿಜ್ಞಾನಿ ಕೊನ್ರಾಡ್ ಲೊರೆಂಜ್ ತೋರಿಸಿಕೊಟ್ಟರು. ಹೆಬ್ಬಾತಿನ ಮೊಟ್ಟೆಗಳಲ್ಲಿ ಅರ್ಧವನ್ನು ತಾಯಿಯ ಕೆಳಗೆ, ಅರ್ಧವನ್ನು ಇನ್‌ಕ್ಯುಬೇಟರಿನಲ್ಲಿ ಇಟ್ಟರು. ಯಂತ್ರದಲ್ಲಿ ಹುಟ್ಟಿದವು ಮೊದಲು ಕಂಡ ಲೊರೆಂಜರನ್ನೇ ತಾಯಿಯೆಂದು ಹಿಂಬಾಲಿಸಿದವು. 1973ರಲ್ಲಿ ಅವರಿಗೆ ನೊಬೆಲ್ ಬಂತು. ಚಿತ್ರದಲ್ಲಿ ನೋಡಲು ಮುದ್ದಾಗಿ ಕಾಣುವ ಸಂಗತಿ ಇದು, ಕಾಡಿನ ಹಕ್ಕಿಗೆ ಮಾತ್ರ ಶಾಪ. ಮನುಷ್ಯನನ್ನು ತಾಯಿಯೆಂದುಕೊಂಡ ಹಕ್ಕಿ ಮನುಷ್ಯನಿಗೂ ಬೆಕ್ಕಿಗೂ ಹೆದರುವುದಿಲ್ಲ. ಅಮೆರಿಕದಲ್ಲಿ ಕ್ಯಾಲಿಫೋರ್ನಿಯಾ ಕಾಂಡರ್ ಎಂಬ ರಣಹದ್ದು 1982ರಲ್ಲಿ ಬರೀ 22 ಉಳಿದಾಗ, ಗೂಡಿನಿಂದ ಮೊಟ್ಟೆ ತಂದು ಯಂತ್ರದಲ್ಲಿ ಮರಿ ಮಾಡಿದರು. ಆ ಮರಿಗಳಿಗೆ ಊಟ ಕೊಡುವಾಗ ಕೈಗೆ ಕಾಂಡರ್ ತಲೆಯ ಗೊಂಬೆ ತೊಟ್ಟುಕೊಳ್ಳುತ್ತಿದ್ದರು, ಮರಿ ಮನುಷ್ಯನ ಮುಖ ನೋಡಬಾರದೆಂದು. ಯಂತ್ರ ಕೊಡಲಾರದ ಆ ಒಂದನ್ನು ಕೊಡಲು ಅವರು ಪಟ್ಟ ಪಾಡು ಅದು.

ನಮ್ಮಲ್ಲೂ ಅಂಥ ಕೊನೆಯ ಪ್ರಯತ್ನವೊಂದು ನಡೆಯುತ್ತಿದೆ. ಎರೆಭೂತ, ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆನೆಲದಲ್ಲಿ ಈಗ ಬೆರಳೆಣಿಕೆಯಷ್ಟು ಉಳಿದಿರುವ ಆ ಎತ್ತರದ ಹಕ್ಕಿ, ಬರೀ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ. ರಾಜಸ್ಥಾನದ ಜೈಸಲ್ಮೇರ್‌ನಲ್ಲಿ ಭಾರತೀಯ ವನ್ಯಜೀವಿ ಸಂಸ್ಥೆಯವರು ಅದರ ಮೊಟ್ಟೆಗಳನ್ನು ತಂದು 2019ರಿಂದ ಯಂತ್ರದಲ್ಲಿ ಮರಿ ಮಾಡುತ್ತಿದ್ದಾರೆ. 2024ರ ಅಕ್ಟೋಬರಿನಲ್ಲಿ ಕೃತಕ ಗರ್ಭಧಾರಣೆಯಿಂದ ಮೊದಲ ಮರಿ ಹುಟ್ಟಿತು. ನನಗೆ ಅದು ದೊಡ್ಡ ಸಂತೋಷದ ಸುದ್ದಿ. ಆದರೆ ಅಲ್ಲಿ ಮರಿ ಹುಟ್ಟಿದ ಮಾತ್ರಕ್ಕೆ ಇಲ್ಲಿ ಹಕ್ಕಿ ಉಳಿಯುವುದಿಲ್ಲ. ಸಿರುಗುಪ್ಪದ ಹುಲ್ಲುನೆಲ ಗದ್ದೆಯಾಗಿ, ಅದರ ಮೇಲೆ ವಿದ್ಯುತ್ ತಂತಿ ಹಾದುಹೋದರೆ ಆ ಮರಿ ಎಲ್ಲಿ ಇಳಿಯಬೇಕು? ಏಳನೇ ಕ್ಲಾಸಿನ ಹುಡುಗನಿಗೆ ಕೇಳಿದ ಪ್ರಶ್ನೆಯನ್ನೇ ಅಲ್ಲಿಯೂ ಕೇಳಬೇಕು.

ಶೂ ಡಬ್ಬಿಗೆ ಮರಳುತ್ತೇನೆ. ಮೊದಲ ಕೆಲಸವಾಗಿ ಹಾಲನ್ನು ಒರೆಸಿದೆವು. ಹಕ್ಕಿಗೆ ಹಾಲು ಜೀರ್ಣವಾಗುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಮರಿಯ ಉಸಿರಿನ ದಾರಿ ನಾಲಿಗೆಯ ಬುಡದಲ್ಲೇ ತೆರೆದಿರುತ್ತದೆ. ಫಿಲ್ಲರಿನಲ್ಲಿ ಹಾಲೋ ನೀರೋ ಬಿಟ್ಟರೆ ಅದು ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ಆಮೇಲೆ ಗೂಡನ್ನು ಒಂದು ಪುಟ್ಟ ಬಿದಿರು ಬುಟ್ಟಿಯಲ್ಲಿಟ್ಟು, ಕಡಿದ ಹೊಂಗೆಯ ಪಕ್ಕದ ಮರಕ್ಕೆ ನೆರಳಿರುವ ಕಡೆ ಕಟ್ಟಿ ದೂರ ನಿಂತೆವು. ಮನುಷ್ಯ ಮುಟ್ಟಿದರೆ ತಾಯಿ ಬಿಟ್ಟುಹೋಗುತ್ತದೆ ಎಂಬ ಮಾತು ಸುಳ್ಳು. ನಲವತ್ತು ನಿಮಿಷ ಕಾದೆವು. ಅವರು ಎರಡು ಸಲ "ಬರಲ್ಲ ಬಿಡಿ ಡಾಕ್ಟ್ರೇ," ಎಂದರು. ಆಮೇಲೆ ತಂತಿಯ ಮೇಲೆ ಕೂತು ಕೂಗುತ್ತಿದ್ದ ಪಿಕಳಾರ ಕೊಕ್ಕಿನಲ್ಲಿ ಹಸಿರು ಹುಳು ಹಿಡಿದು ಬುಟ್ಟಿಯ ಅಂಚಿಗೆ ಬಂದು ಕೂತಿತು. ಅವರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ನಾನೂ ಒರೆಸಿಕೊಂಡೆ.

ಎಲ್ಲ ಸಲ ಹೀಗಾಗುವುದಿಲ್ಲ. ಮರಿಗೆ ಗಾಯವಾಗಿದ್ದರೆ, ಬೆಕ್ಕು ಕಚ್ಚಿದ್ದರೆ, ತಾಯಿ ಸತ್ತಿರುವುದು ಖಚಿತವಿದ್ದರೆ, ತೂತು ಮಾಡಿದ ರಟ್ಟಿನ ಡಬ್ಬಿಯಲ್ಲಿ ಬಟ್ಟೆ ಹಾಸಿ, ಮುಚ್ಚಿ, ಏನನ್ನೂ ತಿನ್ನಿಸದೆ ಕೆಂಗೇರಿಗೆ ಒಯ್ಯಿರಿ. ಅಲ್ಲಿ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ವನ್ಯಜೀವಿ ಆಸ್ಪತ್ರೆ 1996ರಿಂದ ಈ ಕೆಲಸ ಮಾಡುತ್ತಿದೆ. ನಮ್ಮಿಂದ ದೂರವೇನಿಲ್ಲ. ಪುಕ್ಕ ಬಂದು ನೆಲದ ಮೇಲೆ ಕುಪ್ಪಳಿಸುತ್ತಿರುವ ಮರಿಯಾದರೆ ಅದನ್ನು ಎತ್ತಲೇಬೇಡಿ. ಅದು ಹಾರಲು ಕಲಿಯುತ್ತಿದೆ, ಅಪ್ಪ ಅಮ್ಮ ಹತ್ತಿರದಲ್ಲೇ ಇರುತ್ತವೆ. ನಾಯಿ ಬೆಕ್ಕು ಓಡಿಸಿ ಸಾಕು. ಕಾಡುಹಕ್ಕಿಯ ಮೊಟ್ಟೆಯನ್ನು ಮಾತ್ರ ಯಾವ ಕಾರಣಕ್ಕೂ ಮನೆಯ ಯಂತ್ರಕ್ಕೆ ಹಾಕಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಂಥ ಮೊಟ್ಟೆ ಮತ್ತು ಗೂಡುಗಳನ್ನು ಕೆಡಿಸುವುದನ್ನೂ ಬೇಟೆಯ ಸಾಲಿಗೇ ಸೇರಿಸಿದೆ.

ಕೊನೆಗೆ ನನ್ನ ಬಡಾವಣೆಯವರಲ್ಲಿ ಒಂದು ಬೇಡಿಕೆ. ಸಿದ್ದಯ್ಯ ಪುರಾಣಿಕ ರಸ್ತೆಯಲ್ಲಿರಲಿ, ಕೆಎಚ್‌ಬಿ ಕಾಲೊನಿಯಲ್ಲಿರಲಿ, ಮಳೆಗಾಲಕ್ಕೆ ಮುನ್ನ ತಂತಿಗೆ ತಾಗುತ್ತದೆಂದು ಕೊಂಬೆ ಕಡಿಸುವುದು ಫೆಬ್ರವರಿಯಿಂದ ಜೂನ್‌ವರೆಗೆ. ನಮ್ಮ ಹಕ್ಕಿಗಳು ಹೆಚ್ಚಾಗಿ ಗೂಡು ಕಟ್ಟುವುದೂ ಅದೇ ತಿಂಗಳುಗಳಲ್ಲಿ. ಕೊಡಲಿಯವರನ್ನು ಕರೆಯುವ ಮುನ್ನ ಐದು ನಿಮಿಷ ಮರದಡಿ ನಿಂತು ತಲೆಯೆತ್ತಿ ನೋಡಿ. ಗೂಡು ಕಂಡರೆ ಆ ಒಂದು ಕೊಂಬೆಯನ್ನು ಬಿಟ್ಟು ಉಳಿದದ್ದನ್ನು ಕಡಿಸಿ. ಪಿಕಳಾರ ಮೊಟ್ಟೆ ಇಟ್ಟ ದಿನದಿಂದ ಮರಿ ಗೂಡು ಬಿಡುವವರೆಗೆ ಬೇಕಾಗುವುದು ಸುಮಾರು ನಾಲ್ಕೇ ವಾರ.